ಐದು ತುಂಡು ಸೀಸ, ಕೈಯಲ್ಲೊಂದು ಕಲ್ಲು

ಮೊದಲ ದಿನ ಬೆಳಗ್ಗೆ ಸಮುದ್ರದಿಂದ ಶೀಟಿ ಕೇಳಿಸಿತು. ಒಂದಲ್ಲ, ಹತ್ತು ಹನ್ನೆರಡು. ಸಣ್ಣಗೆ, ಉದ್ದಕ್ಕೆ ಎಳೆದು, ಕೊನೆಗೆ ಮುರಿದುಹೋಗುವಂಥ ಶೀಟಿ. ಹಕ್ಕಿ ಇರಬೇಕು ಅಂದುಕೊಂಡು ಬಾಗಿಲಿಗೆ ಬಂದು ನೋಡಿದೆ. ದಂಡೆಯಿಂದ ಕೂಗಳತೆ ದೂರದಲ್ಲಿ ನೀರು ಒಡೆದು ಒಂದು ತಲೆ ಮೇಲೆ ಬಂತು. ತಲೆಗೆ ಬಿಳಿ ಬಟ್ಟೆ, ಮುಖದ ತುಂಬ ಒಂದೇ ಗಾಜು. ಹೆಂಗಸು! ಬಾಯಿ ಚೂಪು ಮಾಡಿ ಶೀಟಿ ಹೊಡೆದಳು, ಕೈಯಲ್ಲಿದ್ದ ಚಿಪ್ಪನ್ನು ಪಕ್ಕದಲ್ಲಿ ತೇಲುತ್ತಿದ್ದ ಮರದ ಬಾನಿಗೆ ಎಸೆದಳು, ಕಾಲು ಮೇಲೆ ಮಾಡಿ ಮತ್ತೆ ಮುಳುಗಿದಳು. "ಅಯ್ಯ ನಮ್ಮವ್ವ!" ಅಂದೆ. ನಮ್ಮ ಸಾರವಾಡದಲ್ಲಿ ಹೆಣ್ಣುಮಗಳು ಶೀಟಿ ಹೊಡೆದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಇಲ್ಲಿ ಮೊಮ್ಮಕ್ಕಳನ್ನು ಕಂಡವರೇ ನೀರಿನಲ್ಲಿ ನಿಂತು ಹೊಡೆಯುತ್ತಿದ್ದರು, ಬೈಯುವವರು ಯಾರೂ ಇರಲಿಲ್ಲ.

ಆ ಊರು ಇದ್ದದ್ದು ಜಪಾನಿನ ಶಿಮಾ ಎಂಬ ಸೀಮೆಯಲ್ಲಿ, ಮುತ್ತು ಬೆಳೆಯುವ ಕೊಲ್ಲಿಯ ಹೊರಬದಿಗೆ. ವಿಜಾಪುರದವರಾದ ನಮ್ಮ ಮನೆಯವರು ಲಗ್ನಕ್ಕೆ ಮೊದಲೇ ಮುಂಬಯಿಗೆ ಹೋಗಿ ಒಬ್ಬ ಮುತ್ತಿನ ವ್ಯಾಪಾರಿಯ ಪೇಢಿಯಲ್ಲಿ ಗುಮಾಸ್ತರಾಗಿದ್ದರು. ಮುತ್ತನ್ನು ಬೆಳಕಿಗೆ ಹಿಡಿದು ಬಣ್ಣ ಬೇರೆ ಮಾಡುವುದರಲ್ಲಿ ಅವರ ಕಣ್ಣು ಚಲೋ ಅಂತ ಸೇಠರು ಅವರನ್ನು ಜಪಾನಿಗೆ ಕಳಿಸಿದರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಾರವಾಡದಿಂದ ವಿಜಾಪುರಕ್ಕೆ ಸೊಸೆಯಾಗಿ ಹೋದದ್ದೇ ನನಗೆ ದೊಡ್ಡ ಪ್ರಯಾಣವಾಗಿತ್ತು. ಸಾರವಾಡದ ನಮ್ಮ ಹೊಲದ ಬದುವಿನ ಮೇಲೆ ನಿಂತರೆ ದೂರದಲ್ಲಿ ಗೋಳಗುಮ್ಮಟ ಕಾಣುತ್ತಿತ್ತು. ಶಿಮಾಕ್ಕೆ ಬಂದ ಮೊದಲ ತಿಂಗಳು ದಿನಾ ಬೆಳಗ್ಗೆ ಎದ್ದು ಆಕಾಶದ ಅಂಚಿನಲ್ಲಿ ಅದನ್ನೇ ಹುಡುಕುತ್ತಿದ್ದೆ. ಕಾಣುತ್ತಿದ್ದದ್ದು ನೀರು, ಬರೀ ನೀರು.

ಮನೆಯ ಮಾತು ಹೇಳಬೇಕು. ನಮ್ಮ ಕಡೆ ಗೋಡೆ ಅಂದರೆ ಒಂದು ಮೊಳ ದಪ್ಪ, ಅದರಲ್ಲಿ ದೀಪಕ್ಕೊಂದು ಗೂಡು, ದೇವರಿಗೊಂದು ಗೂಡು. ಮೇಲೆ ಮಣ್ಣಿನ ಮಾಳಿಗೆ, ಬೇಸಿಗೆಯಲ್ಲಿ ಅಲ್ಲೇ ಹಾಸಿಗೆ. ಇಲ್ಲಿ ನಮಗೆ ಸಿಕ್ಕಿದ್ದು ಒಂದು ಮನೆಯ ಎರಡು ಕೋಣೆ. ಮನೆಯೊಡತಿಯ ಕೋಣೆಗೂ ನಮ್ಮ ಕೋಣೆಗೂ ನಡುವೆ ಇದ್ದದ್ದು ಮರದ ಚೌಕಟ್ಟಿಗೆ ಅಂಟಿಸಿದ ಬಿಳಿ ಕಾಗದ! ಎರಡನೆಯ ದಿನ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತ, ನಮ್ಮ ಮನೆಯ ರೂಢಿಯಂತೆ ಗೋಡೆಗೆ ಒರಗಿದೆ ನೋಡ್ರಿ, ಬಳೆ ಸಮೇತ ನನ್ನ ಕೈ ಆಚೆ ಕೋಣೆಗೆ ಹೋಯಿತು. ಆಚೆಯಿಂದ ಯಾರೋ ನನ್ನ ಬಳೆಗಳನ್ನು ಮೆಲ್ಲಗೆ ಮುಟ್ಟಿ ನಕ್ಕರು. ಮರುದಿನ ಆ ತೂತಿಗೆ ಹೂವಿನ ಆಕಾರದಲ್ಲಿ ಕತ್ತರಿಸಿದ ಕಾಗದ ಅಂಟಿತ್ತು.

ನಕ್ಕವರು ಮನೆಯೊಡತಿ ಕಿಕು-ಸಾನ್. ಐವತ್ತು ದಾಟಿದ ವಿಧವೆ, ಸಣ್ಣ ಆಳು, ಹೆಗಲು ಮಾತ್ರ ಗಂಡಸರದ್ದು. 'ಸಾನ್' ಅಂದರೆ ನಮ್ಮ 'ಅವರು' ಇದ್ದ ಹಾಗೆ, ಹೆಸರಿನ ಬೆನ್ನಿಗೆ ಮರ್ಯಾದೆ. ನಾನೂ ಅವರಿಗೆ ಶಾಂತವ್ವ ಹೋಗಿ ಶಾಂತಾ-ಸಾನ್ ಆದೆ. ಆದರೆ ನನ್ನ ಬಾಯಿಗೆ ಕಿಕು-ಸಾನ್ ಹಿಡಿಯಲಿಲ್ಲ. ನಾನು ಅವರನ್ನು ಮೌಶಿ ಅಂದೆ. ಅವ್ವನ ತಂಗಿಯನ್ನು ಹೀಗೆ ಕರೀತಾರೆ ಅಂತ ಕೈಸನ್ನೆ ಮಾಡಿ ತಿಳಿಸಿದಾಗ ಅವರು "ಆಗಲಿ" ಅಂದರು. ಅವರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಅದು ಹಾಗೇ ಕೇಳುತ್ತಿತ್ತು.

ಶೀಟಿ ಹೊಡೆದವರಲ್ಲಿ ಮೌಶಿಯೂ ಒಬ್ಬರು. ಆ ಊರ ಹೆಂಗಸರನ್ನು 'ಆಮಾ' ಅನ್ನುತ್ತಾರೆ, ಕಡಲ ಹೆಂಗಸು ಅಂತ. ಯಾವ ಕೊಳವೆಯೂ ಇಲ್ಲದೆ, ಒಂದೇ ಉಸಿರಿನಲ್ಲಿ ತಳಕ್ಕೆ ಹೋಗಿ ಬಂಡೆಗೆ ಅಂಟಿದ ಚಿಪ್ಪನ್ನು ಉಳಿಯಿಂದ ಎಬ್ಬಿಸಿ ತರುವುದು ಅವರ ಕಸುಬು. ಮೇಲೆ ಬಂದೊಡನೆ ಹಿಡಿದ ಉಸಿರನ್ನು ಒಮ್ಮೆಲೇ ಬಿಟ್ಟರೆ ಎದೆ ನೋಯುತ್ತದೆ, ಅದಕ್ಕೇ ತುಟಿ ಚೂಪು ಮಾಡಿ ಬಿಡುತ್ತಾರೆ. ಅದೇ ಆ ಶೀಟಿ. ಅದಕ್ಕೊಂದು ಹೆಸರೂ ಇದೆ, 'ಇಸೊಬುಯೆ'. ದೂರದಿಂದ ಕೇಳಿದರೆ ಸಾಕು, ಇದು ಇಂಥವರ ಶೀಟಿ ಅಂತ ಮನೆಯವರು ಗುರುತು ಹಿಡಿಯುತ್ತಾರೆ. ನೀರಿನ ಆಳವನ್ನು ಅವರು 'ಹಿರೊ'ದಲ್ಲಿ ಅಳೆಯುತ್ತಾರೆ. ಎಷ್ಟು ಅಂತ ಕೇಳಿದಾಗ ಮೌಶಿ ಎರಡೂ ಕೈ ಚಾಚಿ ತೋರಿಸಿದರು. ಅದು ನಮ್ಮ ಮಾರು! ಸಾರವಾಡದ ಬಾವಿಯ ಹಗ್ಗವನ್ನು ನಮ್ಮಪ್ಪ ಅಳೆಯುತ್ತಿದ್ದದ್ದೂ ಹಾಗೇ, ಎದೆಯ ಮುಂದೆ ಕೈ ಚಾಚಿ. ಆ ದಿನ ಒಳಗೆ ಹೋಗಿ ಅತ್ತೆ. ಸುಖಕ್ಕೆ ಅತ್ತೆನೋ ದುಃಖಕ್ಕೋ ನನಗೇ ಗೊತ್ತಿಲ್ಲ.

ಊಟದ್ದು ಬೇರೆ ಕಥೆ. ನಾವು ಮೀನು ತಿನ್ನುವವರಲ್ಲ, ಅಲ್ಲಿಯ ನೀರಿಗೂ ಮೀನಿನ ವಾಸನೆ. ಅಂಟು ಅನ್ನ, ಗೆಣಸು, ಊರಿಂದ ತಂದ ಶೇಂಗಾಚಟ್ನಿ, ಇಷ್ಟರಲ್ಲೇ ಆರು ತಿಂಗಳು ಕಳೆದೆ. ಒಂದು ದಿನ ಗುಡ್ಡದ ಮೇಲಿನ ಹೊಲದಲ್ಲಿ ಎತ್ತರದ ದಂಟು, ತುದಿಗೆ ಕೆಂಪು ತೆನೆ ಕಂಡು ಕಾಲು ಅಲ್ಲೇ ನಿಂತವು. ಜೋಳ! ಅವರು 'ತಾಕಾಕಿಬಿ' ಅನ್ನುತ್ತಾರೆ, ಹಬ್ಬದ ಸಿಹಿ ಉಂಡೆಗೆ ಅಂತ ಒಂದಿಷ್ಟು ಬೆಳೆಯುತ್ತಾರೆ. ಬೀಸಿ, ಬಿಸಿನೀರು ಹಾಕಿ ನಾದಿ ಬಡಿದೆ. ಕೆಂಪು ಹಿಟ್ಟು, ಅಂಟು ಅಂಟು, ಮೂರು ರೊಟ್ಟಿ ಹರಿದುಹೋದವು, ನಾಲ್ಕನೆಯದು ನಿಂತಿತು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿಯ ಹೆಂಗಸರೆಲ್ಲ ಬಂದು ನೆರೆದರು. ನಮ್ಮವರು ಒಂದು ತುತ್ತು ಬಾಯಿಗಿಟ್ಟುಕೊಂಡು, "ಬಬಲೇಶ್ವರ ಸಂತಿ ಜ್ವಾಳ ಅಲ್ಲಲೇ ಇದು" ಅಂದರು. "ಅಲ್ರಿ, ಸುಮ್ಮನ ತಿನ್ರಿ" ಅಂದೆ. ನಾಲ್ಕೂ ತಿಂದರು.

ಈಗ ನಮ್ಮಪ್ಪನ ಬಗ್ಗೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ಅಪ್ಪನಿಗೆ ಬಾವಿ ಬಸಪ್ಪ ಅಂತಲೇ ಹೆಸರು. ಸಾರವಾಡ, ಬಬಲೇಶ್ವರ, ತಿಕೋಟಾ, ಸುತ್ತಿನ ಯಾವ ಊರಿನ ಬಾವಿಯಲ್ಲಿ ಕೊಡ ಬಿದ್ದರೂ ಮೊದಲು ಪಾತಾಳಗರಡಿ ಬಿಟ್ಟು ಜಾಲಾಡುತ್ತಿದ್ದರು. ಅದರ ಕೊಕ್ಕೆಗೆ ಸಿಗದಿದ್ದರೆ ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ಅಪ್ಪ ನಡುವಿಗೆ ಹಗ್ಗ ಕಟ್ಟಿಕೊಂಡು, ಎರಡೂ ಕೈಯಲ್ಲಿ ಗುಂಡುಕಲ್ಲು ಅವುಚಿಕೊಂಡು ಇಳಿಯುತ್ತಿದ್ದ. ಕಲ್ಲು ತಳಕ್ಕೆ ಒಯ್ಯುತ್ತಿತ್ತು, ಅಲ್ಲಿ ಅದನ್ನು ಬಿಟ್ಟು ಕೆಲಸ ಮುಗಿಸಿ, ಎರಡು ಸಲ ಜಗ್ಗಿ ಸನ್ನೆ ಮಾಡಿದರೆ ಮೇಲಿನವರು ಎಳೆಯಬೇಕು. ಮೇಲಿನವಳು ನಾನು. ಹತ್ತು ವರ್ಷಕ್ಕೇ ಬೆನ್ನಿಗೆ ಈಸುಗುಂಬಳ ಕಟ್ಟಿಕೊಂಡು ಈಸು ಕಲಿತಿದ್ದೆ. ಒಣಗಿದ ಆ ಕುಂಬಳ ಕಟ್ಟಿಕೊಂಡರೆ ಮುಳುಗೇನೆಂದರೂ ಮುಳುಗಲಾಗುತ್ತಿರಲಿಲ್ಲ. ಆದರೂ ಒಮ್ಮೆ ಹಟ ಹಿಡಿದಾಗ ಅಪ್ಪ ದೊಡ್ಡ ಕಲ್ಲು ಕೈಗೆ ಕೊಟ್ಟಿದ್ದ, ಕುಂಬಳ ಸಮೇತ ತಳ ಕಂಡು ಬಂದಿದ್ದೆ.

ಹಗ್ಗ ಹಿಡಿಯಲು ಅಪ್ಪನದೊಂದು ಕಟ್ಟಳೆ ಇತ್ತು. "ಮ್ಯಾಗ ಇದ್ದಾಕಿ ತಾನೂ ಉಸಿರು ಬಿಗಿ ಹಿಡೀಬೇಕು. ತನಗ ತಡಿಯಾಕ ಆಗಲಿಲ್ಲ ಅಂದ್ರ ಎಳದ ಬಿಡಬೇಕು. ಸನ್ನಿ ಬರಲಿ ಬಿಡಲಿ. ಕೆಳಗ ಇದ್ದಾಂವಗ ಆಸಿ ಇರತೈತಿ ನೋಡವ್ವಾ, ಅವಂಗ ತನ್ನ ಉಸಿರಿನ ಲೆಕ್ಕ ಸಿಗೂದಿಲ್ಲ." ತಿಕೋಟಾದ ಒಂದು ಬಾವಿಯಲ್ಲಿ ಹೊಸ ಸೊಸೆಯ ಬೋರಮಾಳ ಬಿದ್ದಿತ್ತು. ಬಂಗಾರದ ಗುಂಡಿನ ಸರ. ಮನೆಮಂದಿ ಎಲ್ಲ ದಂಡೆಯ ಮೇಲೆ ಕೈ ಹಿಸುಕುತ್ತ ನಿಂತಿದ್ದರು. ಎಣಿಸುತ್ತ ಎಣಿಸುತ್ತ ಅರವತ್ತಕ್ಕೆ ನನ್ನ ಎದೆ ಒಡೆಯುವಂತಾಯಿತು, ಎಳೆದೆ. ಅಪ್ಪ ಬರಿಗೈಯಲ್ಲಿ ಬಂದ. "ಕಂಡಿತ್ತಬೇ! ಕೈ ಚಾಚಿದ್ದೆ!" ಅಂದ. "ನನ್ನ ಉಸರ ಮುಗೀತ್ಯಪ್ಪಾ" ಅಂದೆ, ಅಳು ಬಂದಿತ್ತು. ಅಪ್ಪ ನನ್ನ ತಲೆ ಮೇಲೆ ಹಸಿ ಕೈ ಇಟ್ಟು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ಮುಗೀತಂದ್ರ ಎಳೀಬೇಕು. ಸರ ಎಲ್ಲಿ ಹೊಕ್ಕೈತಿ? ಅಲ್ಲೇ ಇರತೈತಿ." ಇನ್ನೊಮ್ಮೆ ಇಳಿದು ತಂದುಕೊಟ್ಟ.

ಮೌಶಿಯ ಗಂಡ ಇದ್ದಾಗ ಅವರೂ ಹೀಗೇ ದುಡಿದಿದ್ದರಂತೆ. ಹೆಂಡತಿ ಕೆಳಗೆ, ಗಂಡ ದೋಣಿಯಲ್ಲಿ ಹಗ್ಗ ಹಿಡಿದು. ಅಲ್ಲಿ ಅದು ಗಂಡನ ಕೆಲಸ, ಬೇರೆಯವರಿಗೆ ಕೊಡುವುದಿಲ್ಲ. ಗಂಡ ಹೋದ ಮೇಲೆ ಮೌಶಿ ದಂಡೆಯ ಹತ್ತಿರದ ಕಡಿಮೆ ನೀರಿನಲ್ಲಿ ಒಬ್ಬರೇ ಮುಳುಗುತ್ತಿದ್ದರು. ನಮ್ಮಪ್ಪನ ಕಥೆಯನ್ನು ನನ್ನ ಮುರುಕು ಭಾಷೆಯಲ್ಲಿ ಹೇಳಿದ ದಿನ ಅವರು ಎದ್ದು ಹೋಗಿ ಹಳೆಯ ಹಗ್ಗದ ಸುರುಳಿ ತಂದು ನನ್ನ ತೊಡೆಯ ಮೇಲಿಟ್ಟರು. ಆ ಕಡಲು ಆ ಊರವರದು. ಅದರಲ್ಲಿ ಒಂದು ಚಿಪ್ಪು ಎತ್ತಲಿಕ್ಕೂ ನನಗೆ ಹಕ್ಕಿರಲಿಲ್ಲ. ಹಗ್ಗ ಹಿಡಿಯಬೇಡ ಅಂತ ಮಾತ್ರ ಯಾರೂ ಅನ್ನಲಿಲ್ಲ. ಹೀಗೆ ನಾನು ಮತ್ತೆ ಹಗ್ಗ ಹಿಡಿಯುವವಳಾದೆ. ಮೌಶಿಯೇ ಹುಟ್ಟು ಹಾಕಿ ದೋಣಿ ಒಯ್ಯುತ್ತಿದ್ದರು, ಬಂಡೆಯ ಹತ್ತಿರ ಲಂಗರು ಬಿಟ್ಟು ಇಳಿಯುತ್ತಿದ್ದರು. ನಾನು ಉಸಿರು ಹಿಡಿದು ಎಣಿಸುತ್ತಿದ್ದೆ, ಕನ್ನಡದಲ್ಲಿ. ಐವತ್ತಕ್ಕೆ ಸರಿಯಾಗಿ ಸನ್ನೆ ಬರುತ್ತಿತ್ತು. ಆ ಪರದೇಶದಲ್ಲಿ ನಾನು ಉಪಯೋಗಕ್ಕೆ ಬಂದೆ ಅನ್ನಿಸಿದ ಮೊದಲ ಕೆಲಸ ಅದು.

ಮೂರನೆಯ ವರ್ಷ ಊರಿಗೆ ರಬ್ಬರಿನ ಅಂಗಿ ಬಂತು. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆಯ ಕಪ್ಪು ರಬ್ಬರು, ಮೈಗೆ ಬಿಗಿ, ಚಳಿ ತಡೆಯುತ್ತದೆ. ಬಿಳಿ ಅರಿವೆಯಲ್ಲಿ ಅರ್ಧ ತಾಸು ಇದ್ದು ನಡುಗುತ್ತ ಬರುವವರು ಇದರಲ್ಲಿ ಎರಡು ತಾಸು ಇರಬಹುದಂತೆ. ಹಾಗಾದರೆ ಕಡಲೇ ಬರಿದಾದೀತು ಅಂತ ಊರ ಹಿರಿಯರು ಮನೆಗೊಂದೇ ಅಂಗಿ ಅಂತ ಕಟ್ಟು ಮಾಡಿದರು. ಇನ್ನೊಂದು ಮಾತನ್ನೂ ಹೇಳಿದರು. ವಯಸ್ಸಾದ ಆಮಾಗಳಿಗೆ ಅಂಗಿ ಕೈಗೆ ಬಂದಾಗಿನಿಂದ ಹದಿನೈದು ದಿನದ ಗಡುವು, ಅಷ್ಟರಲ್ಲಿ ಹೊಸ ಅಂಗಿಯಲ್ಲಿ ಎಂಟು ಮಾರು ಇಳಿದು ತೋರಿಸಬೇಕು. ಆಗದವರು ದಂಡೆಯ ಗುಡಿಸಲಲ್ಲಿ ಬೆಂಕಿ ಕಾಯುತ್ತ ಉಳಿದವರ ಚಿಪ್ಪು ಆರಿಸುತ್ತ ಕೂರಬೇಕು. ಮೌಶಿಗೆ ಆ ಬೆಂಕಿಯ ಮುಂದೆ ಕೂರುವುದು ಸಾವಿಗಿಂತ ಕಡೆ. "ಹದಿನಾಲ್ಕ ವರ್ಷದಾಕಿ ಇದ್ದಾಗಿಂದ ಇಳದೇನಿ. ಬೆಂಕಿ ಕಾಯಾಕ ನಾ ಹುಟ್ಟಿಲ್ಲ" ಅಂದರು.

ಒಸಾಕಾದಲ್ಲಿದ್ದ ಮೌಶಿಯ ಮಗ ಅಂಗಿ ಕಳಿಸಿಕೊಟ್ಟ. ಮೈಗೆಲ್ಲ ಪೌಡರ್ ಬಳಿದು, ನಾನು ಹಿಂದಿನಿಂದ ಜಗ್ಗಿ, ಅವರು ಮುಂದಿನಿಂದ ಒದ್ದಾಡಿ, ಅಂತೂ ಹೊಕ್ಕರು. ಆಗಷ್ಟೇ ಹುಟ್ಟಿದ ಎಮ್ಮೆಕರುವಿನಂತೆ ಮಿಂಚುತ್ತಿದ್ದರು. ನಾನು ನಕ್ಕೆ, ಅವರೂ ನಕ್ಕರು. ನೀರಿಗೆ ಇಳಿದ ಮೇಲೆ ನಗು ನಿಂತಿತು. ಮೌಶಿ ಮುಳುಗಲೇ ಇಲ್ಲ! ಕಾಲು ಮೇಲೆ ಮಾಡಿ ಒದ್ದರೂ ಅಂಗಿಯೊಳಗಿನ ಗಾಳಿ ಅವರನ್ನು ಮೇಲೆ ತಂದು ಬಿಡುತ್ತಿತ್ತು. ನಲವತ್ತು ವರ್ಷ ಮುಳುಗಿದವರು ನೀರಿನ ಮೇಲೆ ಅಂಗಾತ ತೇಲುತ್ತ ಆಕಾಶ ನೋಡುತ್ತಿದ್ದರು. ಅತ್ತ ಬೇರೆ ದೋಣಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದಂತೆ ಕೈ ಹಿಡಿದು ನಗುತ್ತಿದ್ದರು.

ಈ ಅಂಗಿ ತೊಟ್ಟವರು ನಡುವಿಗೆ ಒಂದು ಪಟ್ಟಿಯಲ್ಲಿ ಸೀಸ ಕಟ್ಟಿಕೊಳ್ಳಬೇಕು. ಎಷ್ಟು ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅದು ಹೊಸತೇ. ಹರಿದ ಬಲೆಗಳ ಸೀಸದ ಗುಂಡನ್ನು ಬಾಣಲೆಯಲ್ಲಿ ಕರಗಿಸಿ, ಒಣ ಮರಳಿನ ಅಚ್ಚಿನಲ್ಲಿ ಸುರಿದು, ಸಾಬೂನಿನಷ್ಟು ದಪ್ಪದ ತುಂಡು ಮಾಡಿದೆವು. ಐದು ತುಂಡು ಕಟ್ಟಿದರೆ ಮೌಶಿ ಇನ್ನೂ ತೇಲುತ್ತಿದ್ದರು. ನನಗೆ ಅಪ್ಪ ನೆನಪಾದ, ಈಸುಗುಂಬಳ ನೆನಪಾಯಿತು. ಕುಂಬಳ ತೇಲಿಸಿದರೆ ಕಲ್ಲು ದೊಡ್ಡದು ಮಾಡು, ಅಷ್ಟೇ ಅಲ್ಲವೇ? ಭಾರೀ ತಿಳಿದವಳ ಹಾಗೆ, "ಇನ್ನ ಎರಡ ಕಟ್ರಿ ಮೌಶಿ, ಏಳ ಆಗಲಿ" ಅಂದೆ. ಏಳು ಕಟ್ಟಿ ಒದ್ದರು, ಸರ್ರನೆ ಇಳಿದರು. ಮೂರು ಮಾರು ನೀರಿನಲ್ಲಿ ಹೋಗಿ ಬಂದು, "ಬರೋಬರಿ ಆತು ನೋಡು!" ಅಂತ ನನ್ನ ಗಲ್ಲ ಹಿಂಡಿದರು. ನಾನು ಹಿಗ್ಗಿದೆ. ನನ್ನ ಊರಿನ ಬುದ್ಧಿ ಇವರ ಕಡಲಿಗೂ ನಡೆಯಿತು ಅಂತ ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಎಂಟು ಮಾರಿನ ಬಂಡೆಗೆ ಹೋದೆವು. ಮೌಶಿ ಇಳಿದರು, ನಾನು ಉಸಿರು ಹಿಡಿದೆ. ಐವತ್ತು ಆಯಿತು, ಸನ್ನೆ ಇಲ್ಲ. ಐವತ್ತೈದು. ಹಗ್ಗ ಸ್ವಲ್ಪ ಅಲುಗಾಡಿತು, ಅದು ಸನ್ನೆ ಅಲ್ಲ. ಮೌಶಿಗೆ ದೊಡ್ಡ ಚಿಪ್ಪು ಸಿಕ್ಕಿರಬೇಕು, ಎಳೆದರೆ ಬೈದಾರು ಅನ್ನಿಸಿತು. ಅರವತ್ತೆರಡಕ್ಕೆ ನನ್ನ ಕಣ್ಣಿಗೆ ಕತ್ತಲೆ ಬಂತು, ಎಳೆದೆ. ಹಗ್ಗ ಬರಲೊಲ್ಲದು. ದೋಣಿಯ ಅಂಚಿಗೆ ಎರಡೂ ಕಾಲು ಊರಿ, ಯಪ್ಪಾ ಯಪ್ಪಾ ಅಂತ ಕೂಗುತ್ತ ಎಳೆದೆ. ಅಂಗೈ ಕಿತ್ತುಹೋಯಿತು. ಮೌಶಿ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು, ಶೀಟಿ ಬರಲಿಲ್ಲ. ಆ ಸುಮ್ಮನಿರುವಿಕೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ. ದೋಣಿಯೊಳಗೆ ಹೊರಳಿಸಿ ಬೆನ್ನಿಗೆ ಗುದ್ದಿದೆ, ಮುಖಕ್ಕೆ ಮುಖ ಹಚ್ಚಿ ಅತ್ತೆ. ನೀರು ಕಾರಿದರು. ಆಮೇಲೆ ಹರಿದುಹೋದ ಒಂದು ಸಣ್ಣ ಶೀಟಿ ಬಂತು.

ಕೆಳಗೆ ಆದದ್ದು ಇಷ್ಟು. ಎಂಟು ಮಾರು ನೀರು ಆ ರಬ್ಬರನ್ನು ಹಿಂಡಿ, ಒಳಗಿನ ಗಾಳಿಯನ್ನೆಲ್ಲ ಕುಗ್ಗಿಸಿತ್ತು. ಮೇಲೆ ಕುಂಬಳವಾಗಿದ್ದ ಅಂಗಿ ಕೆಳಗೆ ಹೋದಾಗ ಬರೀ ಒದ್ದೆ ಕಂಬಳಿ. ಏಳು ತುಂಡು ಸೀಸ ಮಾತ್ರ ಏಳೇ ಇತ್ತು. ಮೌಶಿ ಮೇಲೆ ಬರಲು ಒದ್ದರೂ ನೆಲ ಬಿಡಲಾಗಲಿಲ್ಲ, ಪಟ್ಟಿ ಬಿಚ್ಚಲು ಹೋದರೆ ಗಂಟು ನೆನೆದು ಬಿಗಿದಿತ್ತು, ಎರಡೂ ಕೈ ಆ ಗಂಟಿನ ಮೇಲೇ ಇದ್ದದ್ದರಿಂದ ಸನ್ನೆ ಮಾಡಲಾಗಲಿಲ್ಲ. ಅಪ್ಪನ ಈಸುಗುಂಬಳ ಗಟ್ಟಿ ಬುರುಡೆ, ಅದು ಎಲ್ಲಿಗೆ ಒಯ್ದರೂ ಕುಗ್ಗುತ್ತಿರಲಿಲ್ಲ. ಅಪ್ಪನ ಕಲ್ಲು ಕೈಯಲ್ಲಿತ್ತು, ಬೇಡವಾದಾಗ ಬಿಡಬಹುದಿತ್ತು. ನಡುವಿಗೆ ಕಟ್ಟಿದ್ದನ್ನು ಬಿಡುವುದು ಹೇಗೆ? ಅರ್ಧ ಬುದ್ಧಿಯನ್ನಷ್ಟೇ ಊರಿಂದ ತಂದಿದ್ದೆ ನಾನು.

ಎರಡು ದಿನ ಮುಖ ಎತ್ತಲಿಲ್ಲ. "ಇನ್ನ ಆ ಹಗ್ಗ ಮುಟ್ಟಬ್ಯಾಡ. ಪರದೇಶದಾಗ ಒಂದಕ್ಕೊಂದ ಆದ್ರ ಯಾರಿಗೆ ಉತ್ತರ ಕೊಡೂದು?" ಅಂದರು ನಮ್ಮವರು. ನನಗೂ ಹಾಗೇ ಅನ್ನಿಸಿತ್ತು. ಮೂರನೆಯ ದಿನ ಬೆಳಗ್ಗೆ ಕಾಗದದ ಬಾಗಿಲು ಸರಿಯಿತು. ಮೌಶಿ ಸೀಸದ ಪಟ್ಟಿ ತಂದು ನನ್ನ ಮುಂದೆ ಹಾಕಿದರು. "ಇವತ್ತ ಎಷ್ಟ ಕಟ್ಟೂದು?" ಅಂತ ಕೇಳಿದರು.

"ನನ್ನ ಕೇಳಬ್ಯಾಡ್ರಿ ಮೌಶಿ. ನಿಮ್ಮನ್ನ ಮುಳಗಸಿದಾಕಿ ನಾನ."

"ಎಳದಾಕಿ ಯಾರು? ಊರಾಗ ಯಾರಿಗೂ ಹೇಳಿಲ್ಲ ನಾ. ಇನ್ನ ಹತ್ತ ದಿನ ಐತಿ. ಏಳು."

ಎದ್ದೆ. ಆಮೇಲೆ ನಾವಿಬ್ಬರೂ ಸೇರಿ ತೂಕದ ಲೆಕ್ಕ ಕಲಿತೆವು, ಯಾರೂ ಕಲಿಸಲಿಲ್ಲ. ಮೊದಲು ತಿಳಿದದ್ದು, ಎದೆ ತುಂಬ ಉಸಿರಿಟ್ಟುಕೊಂಡು ತೂಗಿದರೆ ಅದು ಸುಳ್ಳು ತೂಕ ಅನ್ನುವುದು. ದಣಿದು ಮೇಲೆ ಬಂದವರು ಶೀಟಿ ಹೊಡೆದು ಉಸಿರು ಬಿಡುತ್ತಾರಲ್ಲ, ಆ ಗಳಿಗೆಯಲ್ಲಿ ಮುಳುಗಿದರೆ ಮುಗಿಯಿತು. ಅದಕ್ಕೇ ದೋಣಿಯ ಪಕ್ಕ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ, "ಈಗ ಶೀಟಿ ಹೊಡೀರಿ" ಅನ್ನುತ್ತಿದ್ದೆ. ಏಳು ಕಟ್ಟಿದಾಗ ಶೀಟಿ ಮುಗಿಯುವ ಮೊದಲೇ ತಲೆ ಒಳಗೆ. ಆರಕ್ಕೆ ನೀರು ಕಣ್ಣಿಗೆ ಬಂತು. ಐದಕ್ಕೆ ಗದ್ದಕ್ಕೆ ನಿಂತಿತು. ಐದು ಅಂತ ಹಿಡಿದೆವು. ಆಮೇಲೆ ಹಗ್ಗಕ್ಕೆ ಮಾರಿಗೊಂದರಂತೆ ಕೆಂಪು ಚಿಂದಿ ಕಟ್ಟಿದೆ. ಐದನೆಯ ಚಿಂದಿಯ ಹತ್ತಿರ ಮೌಶಿ ಕೈಕಾಲು ಆಡಿಸದೆ ಇದ್ದರು. ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ. ಅಲ್ಲಿಂದ ಮೇಲಕ್ಕೆ ಬಂದಂತೆಲ್ಲ ಅಂಗಿಯೇ ಎತ್ತಿ ತರುತ್ತಿತ್ತು. ಪಟ್ಟಿಗೆ ನಮ್ಮ ಕಡೆ ಎತ್ತು ಕಟ್ಟುವ ಗಂಟು ಹಾಕಿಕೊಟ್ಟೆ, ಒಂದು ತುದಿ ಜಗ್ಗಿದರೆ ಸಾಕು, ನೆನೆದರೂ ಬಿಚ್ಚುತ್ತದೆ.

ಐದು ತುಂಡಿನಿಂದ ಇಳಿಯುವುದು ಹೇಗೆ ಅನ್ನುವುದು ಉಳಿದಿತ್ತು. ಅದಕ್ಕೆ ದಂಡೆಯ ಮೇಲೆ ಹುಡುಕಿ ಅಪ್ಪನ ಗುಂಡುಕಲ್ಲಿನಷ್ಟೇ ದಪ್ಪದ ಕಲ್ಲು ತಂದೆ, ಅದಕ್ಕೆ ಬೇರೆ ಹಗ್ಗ ಕಟ್ಟಿದೆ. ಮೌಶಿ ಅದನ್ನು ಎದೆಗೆ ಅವುಚಿಕೊಂಡು ಇಳಿಯುವುದು, ತಳದಲ್ಲಿ ಕೈ ಬಿಡುವುದು, ನಾನು ಅದನ್ನು ಮೇಲೆಳೆದುಕೊಳ್ಳುವುದು. ಕಲ್ಲು ನೋಡಿ ಮೌಶಿ, "ನಮ್ಮವರೂ ಹಿಂಗ ಒಂದ ಕಬ್ಬಿಣದ ಗುಂಡ ಕೊಡತಿದ್ರು" ಅಂದು ಕಣ್ಣು ಒರೆಸಿಕೊಂಡರು.

ಗಡುವಿನ ದಿನ ಹಿರಿಯರ ದೋಣಿ ಪಕ್ಕದಲ್ಲೇ ಇತ್ತು. ಮೌಶಿ ಕಲ್ಲು ಅವುಚಿಕೊಂಡು ಇಳಿದರು, ನಾನು ಉಸಿರು ಹಿಡಿದೆ. ನಲವತ್ತೆಂಟಕ್ಕೆ ಸನ್ನೆ ಬಂತು. ಮೌಶಿ ಎರಡೂ ಕೈಯಲ್ಲಿ ಅಂಗೈ ಅಗಲದ ಚಿಪ್ಪು ಹಿಡಿದು ಮೇಲೆ ಬಂದು ಹೊಡೆದ ಶೀಟಿ ಇದೆಯಲ್ಲ, ಅದು ಕೊಲ್ಲಿಯ ಆಚೆ ದಂಡೆಗೂ ಕೇಳಿರಬೇಕು. ನಾನು ದೋಣಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿ, ಇನ್ನೇನು ಬೀಳುವವಳಿದ್ದೆ. ಅವತ್ತು ಮಧ್ಯಾಹ್ನದಿಂದ ಒಬ್ಬೊಬ್ಬರೇ ಆಮಾಗಳು ಸೀಸದ ಪಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಶಾಂತಾ-ಸಾನ್, ನನಗ ಎಷ್ಟು?" ದಪ್ಪ ಮೈಯವರಿಗೆ ಬೇರೆ, ತೆಳು ಮೈಯವರಿಗೆ ಬೇರೆ, ಹೊಸ ಅಂಗಿಗೆ ಬೇರೆ, ಹಳೆಯದಾಗಿ ಜೋತುಬಿದ್ದ ಅಂಗಿಗೆ ಬೇರೆ. ಎಲ್ಲರನ್ನೂ ನೀರಿನಲ್ಲಿ ನಿಲ್ಲಿಸಿ ಶೀಟಿ ಹೊಡೆಸಿದೆ. ಎರಡು ವರ್ಷ ನನ್ನನ್ನು ದೂರದಿಂದ ನೋಡಿ ತಲೆ ಬಾಗಿಸಿ ಹೋಗುತ್ತಿದ್ದವರು ಆ ವಾರ ಹೆಗಲ ಮೇಲೆ ಕೈ ಹಾಕಿದರು.

ಇದನ್ನೆಲ್ಲ ಅಪ್ಪನಿಗೆ ಬರೆದೆ. ಎರಡು ತಿಂಗಳಿಗೆ ಅಣ್ಣನ ಅಕ್ಷರದಲ್ಲಿ ಅಪ್ಪನ ಮಾತು ಬಂತು. "ಚಲೋ ಮಾಡಿದಿ ಯವ್ವಾ. ಕೈಯಾಗಿನ ಕಲ್ಲು ಮರೀಬ್ಯಾಡ. ನಾ ಈಗ ಬಾವಿ ಇಳಿಯೂದು ಬಿಟ್ಟೇನಿ. ನೀ ಹೋದಮ್ಯಾಲ ಇಬ್ಬರಿಗೆ ಹಗ್ಗ ಕೊಟ್ಟ ನೋಡಿದೆ. ಮಾತಾಡಕೋಂತ ಹಿಡೀತಾರ, ಉಸಿರು ಹಿಡಿಯೂದಿಲ್ಲ." ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಅಲ್ಲಿ ಅಪ್ಪನ ಹಗ್ಗ ಬಿಟ್ಟು ಬಂದು ಇಲ್ಲಿ ಇನ್ನೊಬ್ಬರ ಹಗ್ಗ ಹಿಡಿದು ಮೆರೆಯುತ್ತಿದ್ದೇನೆ ಅನ್ನಿಸಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಊರಿಗೆ ಹೋಗಲಿಕ್ಕೆ ಆದದ್ದು ಇನ್ನೆರಡು ವರ್ಷಕ್ಕೆ. ವಿಜಾಪುರ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದು ಸಾರವಾಡ ಮುಟ್ಟಿದೆ. ಮನೆಯ ತುಂಬ ಅಣ್ಣನ ಮಕ್ಕಳು, ಗದ್ದಲ. ಅಪ್ಪ ಮಾತಿಗೆ ಮೊದಲೇ, "ಅಲ್ಲೀ ಹಗ್ಗ ಯಾವ ನಾರಿಂದು?" ಅಂತ ಕೇಳಿದ. ಗೋಡೆಗೆ ಒರಗಿ ಕೂತು ಎಲ್ಲ ಹೇಳಿದೆ. ಅಷ್ಟು ದಪ್ಪ ಗೋಡೆಗೂ ಈಗ ನಾನು ಅಂಜಿ ಅಂಜಿ ಒರಗುತ್ತಿದ್ದೆ. ಅತ್ತಿಗೆಗೆ ಅದನ್ನು ಕಂಡು ನಗು.

ಹಿಂದಿನ ದಿನ ಅತ್ತಿಗೆಯ ಹಿತ್ತಾಳೆ ಕೊಡ ಬಾವಿಗೆ ಬಿದ್ದಿತ್ತು, ಪಾತಾಳಗರಡಿಗೆ ಸಿಕ್ಕಿರಲಿಲ್ಲ. "ಹೋಗಲಿ ಬಿಡು" ಅಂದ ಅಣ್ಣ. ಅಪ್ಪ ನನ್ನ ಮುಖ ನೋಡಿದ. "ನೀ ಇಳಿ, ಶಾಂತಾ. ಹಗ್ಗ ನಾ ಹಿಡೀತೀನಿ." ಊರ ಮಂದಿ ಏನಂದಾರು ಅಂತ ಅತ್ತಿಗೆ ಗೊಣಗಿದಳು. ನಾನು ಆಗಲೇ ಕಚ್ಚೆ ಹಾಕಿದ್ದೆ. ಅದೇ ಗುಂಡುಕಲ್ಲು, ಅದೇ ಮೆಟ್ಟಿಲು. ಅಪ್ಪ ಹಗ್ಗವನ್ನು ಮುಂಗೈಗೆ ಒಂದು ಸುತ್ತು ಹಾಕಿಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಎದೆ ತುಂಬ ಉಸಿರು ತೆಗೆದುಕೊಂಡ. ನಾನೂ ತೆಗೆದುಕೊಂಡೆ.

ಉಪ್ಪಿಲ್ಲದ ನೀರು, ರಬ್ಬರಿಲ್ಲದ ಮೈ. ಕಲ್ಲು ಎಷ್ಟು ಬೇಗ ಒಯ್ದಿತೆಂದರೆ ಕಿವಿ ಗುಂಯ್ ಅಂತು. ತಳದ ಕೆಸರಿನಲ್ಲಿ ಕೈಯಾಡಿಸಿದೆ. ಹದಿನೆಂಟು. ಕೊಡದ ಕಂಠ ಬೆರಳಿಗೆ ಹತ್ತಿತು. ಇಪ್ಪತ್ತು. ಅಷ್ಟರಲ್ಲಿ ನಡು ಜಗ್ಗಿತು. ಕೊಡ ಕೈತಪ್ಪಿತು, ನಾನು ಮೇಲೆ ಮೇಲೆ ಬಂದೆ. ನನ್ನ ಎದೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಸಿರಿತ್ತು.

"ಯಾಕ ಎಳದ್ಯೋ ಯಪ್ಪಾ? ಕೊಡಕ್ಕ ಕೈ ಹತ್ತಿತ್ತು!"

ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಎದೆ ಕಮ್ಮಾರನ ತಿದಿಯಂತೆ ಏಳುತ್ತ ಬೀಳುತ್ತ ಇತ್ತು. ಹಗ್ಗವನ್ನು ಮಾತ್ರ ಬಿಟ್ಟಿರಲಿಲ್ಲ. "ನನ್ನ ಉಸರ ಮುಗೀತವ್ವಾ" ಅಂದ. ಸ್ವಲ್ಪ ಹೊತ್ತಿಗೆ ನಕ್ಕ. "ಇನ್ನೊಮ್ಮಿ ಇಳೀತಿಯೇನು? ಕೊಡ ಎಲ್ಲಿ ಹೊಕ್ಕೈತಿ? ಅಲ್ಲೇ ಇರತೈತಿ."

"ಬ್ಯಾಡ ಯಪ್ಪಾ. ನೀರು ಭಾಳ ತಣ್ಣಗ ಐತಿ" ಅಂದೆ. ಅದು ವೈಶಾಖ. ಆ ನೀರು ಬೆಚ್ಚಗಿತ್ತು, ಅಪ್ಪನಿಗೂ ಗೊತ್ತಿತ್ತು.

ಶಿಮಾಕ್ಕೆ ಮರಳಿದ ಮರುದಿನ ಮೌಶಿ ದೋಣಿ ತೆಗೆದರು. ನಡುವಿಗೆ ಐದು ತುಂಡು ಕಟ್ಟಿಕೊಳ್ಳುತ್ತ, "ಅಪ್ಪ ಹೆಂಗದಾರ?" ಅಂತ ಕೇಳಿದರು. ಎಷ್ಟೋ ಹೇಳಬೇಕು ಅಂತ ಬಾಯಿ ತೆರೆದೆ, ಜಪಾನಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. "ಇಪ್ಪತ್ತು" ಅಂದೆ. ಮೌಶಿಯ ಕೈ ಗಂಟಿನ ಮೇಲೇ ನಿಂತಿತು. ಉಸಿರಿನ ಮೇಲೆ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಕಲ್ಲು ಎತ್ತಿಕೊಂಡು ಇಳಿದರು.

ನಾನು ಉಸಿರು ಹಿಡಿದು ಎಣಿಸಿದೆ. ಇಪ್ಪತ್ತಕ್ಕೆ ನನ್ನ ಕೈ ತಾನಾಗಿ ಹಗ್ಗ ಎಳೆಯಹೋಯಿತು, ತಡೆದೆ. ನಲವತ್ತೊಂಬತ್ತಕ್ಕೆ ಸನ್ನೆ ಬಂತು. ಮೌಶಿ ಮೇಲೆ ಬಂದು, ಶೀಟಿ ಹೊಡೆದು, ಗದ್ದದ ತನಕ ನೀರಿನಲ್ಲಿ ತೇಲುತ್ತ ನನ್ನನ್ನೇ ನೋಡಿದರು. ಸಾರವಾಡದ ಬಾವಿಯಲ್ಲಿ ಆ ಕೊಡ ಇನ್ನೂ ಹಾಗೇ ಇತ್ತು.